ಗುಪ್ತ ಕೆಚ್ಚಲು ಬಾವು: ಎರಡು-ಮೂರು ಹಸು ಕಟ್ಟಿದ ಮನೆಗೆ ಯಾವ ಪರೀಕ್ಷೆ, ಯಾವ ಚಿಕಿತ್ಸೆ?

ಹೋದ ಆಷಾಢದಲ್ಲಿ ಒಂದು ಬೆಳಿಗ್ಗೆ ಅತ್ತೆ ಹಾಲಿನ ಲೋಟ ಕೆಳಗಿಟ್ಟು, "ಏನಮ್ಮ, ಹಾಲು ಉಪ್ಪುಪ್ಪಾಗಿದೆ" ಅಂದರು. ಅದು ನಮ್ಮ ಗೌರಿಯ ಹಾಲು. ಪಾತ್ರೆ ಸರಿಯಾಗಿ ತೊಳೆದಿಲ್ಲವೇನೋ ಅಂದುಕೊಂಡು ನಾನು ಅಲ್ಲಿಗೇ ಬಿಟ್ಟೆ. ಹಸು ಚೆನ್ನಾಗಿ ಮೇಯುತ್ತಿತ್ತು, ಮೆಲುಕು ಹಾಕುತ್ತಿತ್ತು. ಕೆಚ್ಚಲು ಮುಟ್ಟಿದರೆ ಮೆತ್ತಗೇ ಇತ್ತು, ಹಾಲಿನಲ್ಲಿ ಗರಣೆ, ಅಂದರೆ ಒಡೆದ ಹಾಲಿನಂಥ ಗಡ್ಡೆ, ಇರಲಿಲ್ಲ. ಹೊತ್ತಿಗೆ ಏಳು ಲೀಟರ್ ಕೊಡುತ್ತಿದ್ದವಳು ಐದೂವರೆಗೆ ಇಳಿದಿದ್ದು ನಿಜ. ಆದರೆ ಸೋಮವಾರಪೇಟೆ ಕಡೆಯ ಮಳೆಗಾಲದಲ್ಲಿ ಹಾಲು ಇಳಿಯದ ಕೊಟ್ಟಿಗೆ ಯಾವುದಿದೆ? ಸೊಸೈಟಿಯ ಚೀಟಿಯಲ್ಲಿ ಎಸ್‌ಎನ್‌ಎಫ್, ಅಂದರೆ ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಘನಾಂಶ, 8.5 ಮುಟ್ಟದೆ 8.2ರಲ್ಲೇ ನಿಂತಾಗಲೂ ಹಿಂಡಿಯ ಮೇಲೆ ತಪ್ಪು ಹಾಕಿದೆ.

ಒಂದು ತಿಂಗಳಿಗೆ ಬಲಗಡೆ ಹಿಂದಿನ ಮೊಲೆ ಕಲ್ಲಿನಂತಾಯಿತು, ನೀರು ನೀರಾದ ಹಾಲು ಬಂತು. ಡಾಕ್ಟರು ಬಂದು ಗೌರಿಯ ಜೊತೆಗೆ ಪಕ್ಕದಲ್ಲಿ ಕಟ್ಟಿದ್ದ ತುಂಗೆಯನ್ನೂ ಪರೀಕ್ಷೆ ಮಾಡಿದರು. ಒಂದು ಲಕ್ಷಣವೂ ಇಲ್ಲದ ತುಂಗೆಯ ಮುಂದಿನ ಮೊಲೆಯಲ್ಲೂ ಸೋಂಕು ಇತ್ತು. ಹೀಗೆ ಹೊರಗೆ ಕಾಣದೆ ಒಳಗಿರುವ ಸೋಂಕೇ ಗುಪ್ತ ಕೆಚ್ಚಲು ಬಾವು. ಅವತ್ತಿನಿಂದ ಒಂದು ವರ್ಷ ಪರೀಕ್ಷೆಯ ಬಗೆಗಳನ್ನೆಲ್ಲ ಕೊಟ್ಟಿಗೆಯಲ್ಲೇ ಮಾಡಿ ನೋಡಿದ್ದೇನೆ. ನಮ್ಮಂಥ ಸಣ್ಣ ಮನೆಗಳಿಗೆ ಯಾವುದು ಸರಿಹೋಗುತ್ತದೆ, ಯಾವುದಕ್ಕೆ ದುಡ್ಡು ಹಾಕುವುದು ಬೇಡ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಒಳಗೆ ಏನಾಗುತ್ತದೆ ಅನ್ನುವುದು ಮೊದಲು

ಮೊಲೆಯ ತೂತಿನಿಂದ ರೋಗಾಣು ಒಳಗೆ ಹೋದ ಕೂಡಲೇ ಹಸುವಿನ ಮೈ ಬಿಳಿ ರಕ್ತಕಣಗಳನ್ನು ಅಲ್ಲಿಗೆ ಕಳಿಸುತ್ತದೆ. ಆರೋಗ್ಯವಾಗಿರುವ ಮೊಲೆಯ ಒಂದು ಮಿಲಿಲೀಟರ್ ಹಾಲಿನಲ್ಲಿ ಇಂಥ ಕಣಗಳು ಸಾಮಾನ್ಯವಾಗಿ ಒಂದು ಲಕ್ಷದೊಳಗೆ ಇರುತ್ತವೆ. ಎರಡು ಲಕ್ಷ ದಾಟಿದರೆ ಸೋಂಕು ಇದೆ ಎಂದು ಲೆಕ್ಕ. ಹಾಲು ತಯಾರಿಸುವ ಅಂಗಾಂಶ ಘಾಸಿಯಾಗುತ್ತಿದ್ದಂತೆ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಕಡಿಮೆಯಾಗುತ್ತದೆ. ರಕ್ತದಲ್ಲಿರುವ ಸೋಡಿಯಂ, ಕ್ಲೋರೈಡ್ ಹಾಲಿಗೆ ಸೋರುತ್ತವೆ, ಅತ್ತೆಯ ನಾಲಿಗೆಗೆ ಸಿಕ್ಕಿದ್ದು ಅದೇ. ಹಾಲಿನ ಹುಳಿ-ಕ್ಷಾರದ ಮಟ್ಟವೂ ಮೇಲಕ್ಕೇರುತ್ತದೆ, 6.6ರ ಆಸುಪಾಸಿನಲ್ಲಿದ್ದ ಪಿಎಚ್ 7ರ ಕಡೆಗೆ ಹೋಗುತ್ತದೆ.

ಹಾಗಾಗಿ ಮಾರುಕಟ್ಟೆಯಲ್ಲಿರುವ ಕೊಟ್ಟಿಗೆ ಪರೀಕ್ಷೆಗಳು ಈ ಮೂರರಲ್ಲಿ ಒಂದನ್ನು ಹಿಡಿದು ಹೇಳುತ್ತವೆ. ಸೋಪಿನ ಪರೀಕ್ಷೆಗಳು ಕಣ ನೋಡುತ್ತವೆ, ಮೀಟರು ಉಪ್ಪು ನೋಡುತ್ತದೆ, ಬಣ್ಣದ ಕಾಗದ ಪಿಎಚ್ ನೋಡುತ್ತದೆ. ರೋಗಾಣು ಯಾವುದು ಅಂತ ಹೇಳುವುದು ಪ್ರಯೋಗಾಲಯ ಮಾತ್ರ. ಈ ಒಂದು ವ್ಯತ್ಯಾಸ ನನಗೆ ಮೊದಲೇ ಗೊತ್ತಿದ್ದರೆ ಗೌರಿಯ ಒಂದು ಮೊಲೆ ಉಳಿಯುತ್ತಿತ್ತು.

ರುಚಿ ನೋಡಿ ಕಂಡುಹಿಡಿಯಲು ಮಾತ್ರ ಹೋಗಬೇಡಿ. ಅತ್ತೆ ಕುಡಿದಿದ್ದು ಕಾಯಿಸಿದ ಹಾಲು. ಹಸಿ ಹಾಲಿನಿಂದ ಬ್ರುಸೆಲ್ಲಾದಂಥ ಕಾಯಿಲೆಗಳು ಮನುಷ್ಯರಿಗೂ ಬರುತ್ತವೆ.

ಕಪ್ಪು ತಟ್ಟೆ ಮತ್ತು ಸೊಸೈಟಿಯ ಯಂತ್ರ

ಮೊದಲ ಎರಡು ಧಾರೆಯನ್ನು ಕಪ್ಪು ತಟ್ಟೆಗೋ ಕಪ್ಪು ಬಟ್ಟೆಗೋ ಬಿಟ್ಟು ಗರಣೆ ನೋಡುವುದು ಒಳ್ಳೆಯ ಅಭ್ಯಾಸ, ದಿನಾ ಮಾಡಬೇಕು. ಆದರೆ ಅದರಲ್ಲಿ ಸಿಕ್ಕುವುದು ಹೊರಗೆ ಬಂದ ಬಾವು. ಗುಪ್ತ ಬಾವಿಗೆ ಅದು ಕುರುಡು.

ಸೊಸೈಟಿಯಲ್ಲಿ ಕೊಡುವ ಫ್ಯಾಟ್, ಎಸ್‌ಎನ್‌ಎಫ್ ಲೆಕ್ಕವೂ ಅಷ್ಟೇ. ನಾಲ್ಕು ಮೊಲೆಯ ಹಾಲು, ಅದರ ಮೇಲೆ ಎರಡು-ಮೂರು ಹಸುವಿನ ಹಾಲು ಒಂದೇ ಕ್ಯಾನಿನಲ್ಲಿ ಸೇರಿದಾಗ ಕೆಟ್ಟ ಮೊಲೆಯ ಗುರುತು ಮುಳುಗಿಹೋಗುತ್ತದೆ. ನಮ್ಮ ಕೊಡಗು ಜಿಲ್ಲೆಗೆ ಡೈರಿ ಹೊಸದಲ್ಲ. ರಾಜ್ಯದ ಮೊದಲ ಡೈರಿ ಶುರುವಾಗಿದ್ದೇ 1955ರಲ್ಲಿ ನಮ್ಮ ಕೂಡಿಗೆಯಲ್ಲಿ, ಈಗ ನಮ್ಮ ಹಾಲೆಲ್ಲ ಹಾಸನ ಒಕ್ಕೂಟಕ್ಕೆ ಸೇರುತ್ತದೆ. ಇಷ್ಟು ವರ್ಷದಿಂದ ಹಾಲು ಹಾಕುತ್ತಾ ಬಂದವರೂ ಚೀಟಿಯ ಅಂಕಿಯನ್ನು ದರಕ್ಕಾಗಿ ನೋಡುತ್ತೇವೆಯೇ ಹೊರತು ಕೆಚ್ಚಲಿಗಾಗಿ ನೋಡುವುದಿಲ್ಲ. ಮೇವು ಬದಲಾಗದೆ ಎಸ್‌ಎನ್‌ಎಫ್ ವಾರಗಟ್ಟಲೆ ಇಳಿದೇ ಇದ್ದರೆ ಒಂದು ಅನುಮಾನ ಇಟ್ಟುಕೊಳ್ಳಿ. ಇಳಿಯಲಿಲ್ಲ ಅಂದಮಾತ್ರಕ್ಕೆ ಧೈರ್ಯವಾಗಿರಬೇಡಿ.

ಸಿಎಂಟಿ: ನನ್ನ ಆಯ್ಕೆ

ಕ್ಯಾಲಿಫೋರ್ನಿಯಾ ಮ್ಯಾಸ್ಟೈಟಿಸ್ ಟೆಸ್ಟ್ ಅನ್ನುವುದನ್ನು ಡಾಕ್ಟರುಗಳು ಚಿಕ್ಕದಾಗಿ ಸಿಎಂಟಿ ಅನ್ನುತ್ತಾರೆ. 1957ರಲ್ಲಿ ಶಾಲ್ಮ್ ಮತ್ತು ನೂರ್‌ಲ್ಯಾಂಡರ್ ಎಂಬಿಬ್ಬರು ಅಲ್ಲಿ ರೂಪಿಸಿದ ಪರೀಕ್ಷೆ ಇದು. ಸಾಮಾನು ಎರಡೇ, ನಾಲ್ಕು ಬಟ್ಟಲಿರುವ ಒಂದು ಪ್ಲಾಸ್ಟಿಕ್ ಹಲಗೆ ಮತ್ತು ನೇರಳೆ ಬಣ್ಣದ ದ್ರಾವಣ. ದ್ರಾವಣದಲ್ಲಿರುವ ಸೋಪಿನಂಥ ವಸ್ತು ಬಿಳಿ ಕಣಗಳ ಪೊರೆ ಒಡೆಯುತ್ತದೆ. ಒಳಗಿನ ಡಿಎನ್‌ಎ ಹೊರಬಂದು ಲೋಳೆ ಕಟ್ಟುತ್ತದೆ. ಕಣ ಹೆಚ್ಚಿದ್ದಷ್ಟೂ ಲೋಳೆ ಗಟ್ಟಿ.

ಮಾಡುವ ಕ್ರಮ ಹೀಗೆ. ಕೆಚ್ಚಲು ಒರೆಸಿ, ಮೊದಲ ಕೆಲವು ಧಾರೆ ಬೇರೆ ತಟ್ಟೆಗೆ ಬಿಡಿ. ಹಲಗೆಯ ಹಿಡಿ ಯಾವಾಗಲೂ ಬಾಲದ ಕಡೆಗೇ ಇರಲಿ, ಇಲ್ಲದಿದ್ದರೆ ಯಾವ ಬಟ್ಟಲು ಯಾವ ಮೊಲೆಯದು ಅನ್ನುವುದೇ ಮರೆತುಹೋಗುತ್ತದೆ. ಒಂದೊಂದು ಬಟ್ಟಲಿಗೆ ಒಂದೊಂದು ಮೊಲೆಯಿಂದ ಎರಡು ಧಾರೆ. ಹಲಗೆಯನ್ನು ಓರೆ ಮಾಡಿ ಗೆರೆಯ ಮೇಲಿನ ಹಾಲು ಚೆಲ್ಲಿ, ಎರಡು ಮಿಲಿಲೀಟರ್ ಉಳಿಯಲಿ. ಅಷ್ಟೇ ದ್ರಾವಣ ಹಾಕಿ, ಅಂಗೈಯಷ್ಟು ಜಾಗದಲ್ಲಿ ಹಲಗೆಯನ್ನು ಮಟ್ಟಸವಾಗಿ ಹತ್ತು ಸೆಕೆಂಡ್ ತಿರುಗಿಸಿ.

ಅವತ್ತು ಡಾಕ್ಟರು ಗೌರಿಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಹಲಗೆ ತಿರುಗಿಸಿದ್ದು ಈಗಲೂ ಕಣ್ಣ ಮುಂದಿದೆ. ಮುಂದಿನ ಎರಡು ಬಟ್ಟಲಲ್ಲಿ ನೇರಳೆ ಹಾಲು ನೀರಿನ ಹಾಗೆ ಅತ್ತಿಂದಿತ್ತ ಓಡಾಡುತ್ತಿತ್ತು. ಎಡ ಹಿಂದಿನದರಲ್ಲಿ ತಳದಲ್ಲಿ ಸಣ್ಣ ಎಳೆ ಎಳೆದಂತಾಯಿತು. ಬಲ ಹಿಂದಿನದು ತಿರುಗಲೇ ಇಲ್ಲ. ಮೊಟ್ಟೆಯ ಬಿಳಿಯ ಹಾಗೆ ಒಟ್ಟಾಗಿ ನಡುವೆ ಗುಡ್ಡೆ ಕಟ್ಟಿತು, ಸುತ್ತ ಬಟ್ಟಲಿನ ತಳ ಕಂಡಿತು. ಹಲಗೆ ಬಗ್ಗಿಸಿದರೆ ಲೋಳೆ ಒಂದೇ ತುಂಡಾಗಿ ಜಾರಿತು. ಅದನ್ನು ನೋಡಿದ ಮೇಲೆ ಯಾರೂ ವಿವರಿಸಿ ಹೇಳುವುದು ಬೇಕಾಗಲಿಲ್ಲ.

ಓದುವುದಕ್ಕೆ 20 ಸೆಕೆಂಡಿಗಿಂತ ಹೆಚ್ಚು ತೆಗೆದುಕೊಳ್ಳಬೇಡಿ, ತೆಳು ಲೋಳೆ ಬೇಗ ಕರಗಿಹೋಗುತ್ತದೆ. ಲೋಳೆ ಬಂದು ಮಾಯವಾದರೆ ಅನುಮಾನ, ಎಳೆ ಎಳೆಯಾಗಿ ಉಳಿದರೆ 1, ದಪ್ಪಗಾಗಿ ನಡುವಿಗೆ ಸರಿದರೆ 2, ಗುಡ್ಡೆ ಕಟ್ಟಿದರೆ 3. ಸುಮಾರಾಗಿ ಹೇಳುವುದಾದರೆ 1 ಬಂದಿದೆ ಅಂದರೆ ಕಣಗಳ ಸಂಖ್ಯೆ ನಾಲ್ಕು ಲಕ್ಷದ ಮೇಲೆ, 3 ಬಂದರೆ 50 ಲಕ್ಷದ ಮೇಲೆ.

ಇದರ ಕೊರತೆಗಳೂ ಇವೆ. ಕರು ಹಾಕಿದ ಮೊದಲ ನಾಲ್ಕೈದು ದಿನ, ಗಿಣ್ಣು ಹಾಲಿನ ಹೊತ್ತಿನಲ್ಲಿ, ಒಳ್ಳೆಯ ಮೊಲೆಯೂ ಲೋಳೆ ಕಟ್ಟುತ್ತದೆ. ಬತ್ತುವ ಹೊತ್ತಿಗೆ ಹಾಲು ತೀರಾ ಕಡಿಮೆಯಾದಾಗಲೂ ಹಾಗೇ. ಆಗ ನಾಲ್ಕೂ ಮೊಲೆ ಒಂದೇ ರೀತಿ ತೋರಿಸುತ್ತವೆ. ಒಂದು ಮೊಲೆ ಮಾತ್ರ ಬೇರೆ ತೋರಿಸಿದರೆ ಅದು ಸೋಂಕು. ಓದುವ ಕಣ್ಣು ಪಳಗುವುದಕ್ಕೂ ಮೂರು-ನಾಲ್ಕು ಸಲ ಬೇಕು. ಇಷ್ಟಾದರೂ ಖರ್ಚು, ಸಮಯ, ನಂಬಿಕೆ ಮೂರನ್ನೂ ಇಟ್ಟು ತೂಗಿದರೆ ಎರಡರಿಂದ ಆರು ಹಸು ಇರುವ ಮನೆಗೆ ಇದಕ್ಕಿಂತ ಒಳ್ಳೆಯದು ನನಗೆ ಕಂಡಿಲ್ಲ. ಒಂದು ಬಾಟಲಿ ದ್ರಾವಣ ಒಂದು ಮನೆಗೆ ಹೆಚ್ಚಾಗುತ್ತದೆ. ನಮ್ಮ ಕೇರಿಯಲ್ಲಿ ನಾಲ್ಕು ಮನೆಯವರು ಸೇರಿ ಕೊಂಡಿದ್ದೇವೆ, ಹಲಗೆ ತೊಳೆದು ಮುಂದಿನ ಮನೆಗೆ ಕೊಡುತ್ತೇವೆ.

ಬಟ್ಟೆ ಸೋಪಿನ ಪುಡಿ

ಕಿಟ್ ಸಿಗದಿದ್ದರೆ ಇದು. ಲೀಟರ್ ನೀರಿಗೆ 30 ಗ್ರಾಂ ಬಟ್ಟೆ ಒಗೆಯುವ ಪುಡಿ, ಅಂದರೆ 100 ಮಿಲಿಲೀಟರಿಗೆ 3 ಗ್ರಾಂ. ಹಾಲು ಎಷ್ಟೋ ಸೋಪಿನ ನೀರೂ ಅಷ್ಟೇ. ಕೆಲಸ ಮಾಡುವ ರೀತಿ ಸಿಎಂಟಿಯದ್ದೇ, ನೇರಳೆ ಬಣ್ಣ ಮಾತ್ರ ಇರುವುದಿಲ್ಲ. ಒಂದೇ ದಿನ ಎರಡನ್ನೂ ಅಕ್ಕಪಕ್ಕ ಇಟ್ಟು ಮಾಡಿದ್ದೇನೆ. 2, 3 ಇರುವ ಮೊಲೆ ಎರಡರಲ್ಲೂ ಸಿಕ್ಕಿತು, ತುಂಗೆಯ 1 ಇದ್ದ ಮೊಲೆ ಸೋಪಿನ ನೀರಿನಲ್ಲಿ ನನ್ನ ಕಣ್ಣಿಗೆ ಬೀಳಲಿಲ್ಲ. ಏನೂ ಮಾಡದೆ ಕೂರುವುದಕ್ಕಿಂತ ಸಾವಿರ ಪಾಲು ಮೇಲು. ಮಾಡಿದ ನೀರು ಹಾಲಿನ ಕ್ಯಾನಿನ ಹತ್ತಿರ ಇಡಬೇಡಿ, ಹಾಲಿನಲ್ಲಿ ಸೋಪು ಸೇರಿದರೆ ಅದು ಕಲಬೆರಕೆ.

ಬಣ್ಣದ ಕಾಗದ, ಮೀಟರು

ಕಾಗದದ ಮೇಲೆ ನಾಲ್ಕು ಗುಂಡು ಗುರುತು, ಒಂದೊಂದಕ್ಕೆ ಒಂದೊಂದು ಹನಿ ಹಾಲು. ಹಳದಿ ಮಿಶ್ರಿತ ತಿಳಿ ಹಸಿರು ಇದ್ದರೆ ಸರಿ, ಕಡು ಹಸಿರು, ನೀಲಿ ಕಡೆಗೆ ಹೋದರೆ ಸೋಂಕು. ಮಾಡುವುದು ಬಲು ಸುಲಭ, ಮಕ್ಕಳೂ ಮಾಡಬಹುದು. ಆದರೆ ಪಿಎಚ್ ಬದಲಾಗುವುದು ನಿಧಾನ. ಸಣ್ಣ ಸೋಂಕು ತಪ್ಪಿಸಿಕೊಳ್ಳುತ್ತದೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಡುಗೆಮನೆಯ ಉಪ್ಪೇ ನೀರಾಗುತ್ತದೆ. ಪೊಟ್ಟಣ ಬಿಚ್ಚಿಟ್ಟ ಕಾಗದ ಆ ಹವೆಯಲ್ಲಿ ಹಾಲು ಮುಟ್ಟುವ ಮೊದಲೇ ಬಣ್ಣ ತಿರುಗಿದ್ದನ್ನು ಕಂಡಿದ್ದೇನೆ. ಕೊಳ್ಳುವವರು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡಿ.

ಮೀಟರು ಹಾಲಿನಲ್ಲಿ ವಿದ್ಯುತ್ ಹರಿಯುವ ಪ್ರಮಾಣ ಅಳೆಯುತ್ತದೆ. ಉಪ್ಪು ಹೆಚ್ಚಿದರೆ ಅಂಕಿ ಏರುತ್ತದೆ. ಅಂಕಿಯನ್ನು ಒಂಟಿಯಾಗಿ ನೋಡಿದರೆ ದಾರಿ ತಪ್ಪಿಸುತ್ತದೆ, ಯಾಕೆಂದರೆ ಹಾಲಿನ ಬಿಸಿ, ಹಸುವಿನ ತಳಿ, ಸೂಲು, ಎಲ್ಲವೂ ಅದನ್ನು ಬದಲಾಯಿಸುತ್ತವೆ. ಅದೇ ಹಸುವಿನ ನಾಲ್ಕು ಮೊಲೆಯನ್ನು ಒಂದಕ್ಕೊಂದು ಹೋಲಿಸಿ ಓದಬೇಕು. ಬೆಲೆ ಸಾವಿರಗಳ ಲೆಕ್ಕದಲ್ಲಿದೆ. ಹತ್ತು-ಹದಿನೈದು ಹಸು ಇಟ್ಟು ದಿನಾ ಪುಸ್ತಕದಲ್ಲಿ ಬರೆದಿಡುವವರಿಗೆ ಉಪಯೋಗ, ಸೊಸೈಟಿಗೆ ಒಂದು ತರಿಸಿಟ್ಟರೂ ಉಪಯೋಗ. ಎರಡು ಹಸುವಿನ ಮನೆಗೆ ನಾನು ಬೇಡ ಅನ್ನುತ್ತೇನೆ. ಆ ದುಡ್ಡಿಗೆ ರಬ್ಬರ್ ಮ್ಯಾಟ್ ತನ್ನಿ.

ಪ್ರಯೋಗಾಲಯ ಯಾವಾಗ?

ಔಷಧಿ ಏರಿಸುವ ಮೊದಲು. ಅದನ್ನು ನಾನು ಹಾಲು ಚೆಲ್ಲಿ ಕಲಿತೆ. ಗೌರಿಗೆ ಬಾವು ಬಂದಾಗ ಅವಸರಕ್ಕೆ ಬಿದ್ದು, ಪಕ್ಕದ ತೋಟದಲ್ಲಿ ಯಾವುದೋ ಹಸುವಿಗೆ ವಾಸಿಯಾಗಿದ್ದ ಟ್ಯೂಬನ್ನೇ ತಂದು ಮೂರು ದಿನ ಮೊಲೆಗೆ ಏರಿಸಿದೆ. ಹಾಲು ಬೆಳ್ಳಗಾಯಿತು, ವಾಸಿಯಾಯಿತು ಅಂದುಕೊಂಡೆ. ತಿಂಗಳಿಗೆ ಮತ್ತೆ ಅದೇ ಮೊಲೆ, ಅದೇ ಲೋಳೆ. ಆಮೇಲೆ ಹಾಲು ಪ್ರಯೋಗಾಲಯಕ್ಕೆ ಹೋಯಿತು, ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂದು ಬಂತು. ನಾನು ಹಾಕಿದ್ದ ಔಷಧಿಗೆ ಅದು ಬಗ್ಗುವುದೇ ಇಲ್ಲ ಅಂತಲೂ ಬಂತು.

ಕಲ್ಚರ್, ಅಂದರೆ ಹಾಲಿನಲ್ಲಿರುವ ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆ, ಮಾಡಿಸಿದರೆ ರೋಗಾಣುವಿನ ಹೆಸರು, ಯಾವ ಆಂಟಿಬಯಾಟಿಕ್ ಹಿಡಿಯುತ್ತದೆ ಎಂಬ ಪಟ್ಟಿ ಎರಡೂ ಸಿಗುತ್ತವೆ. ಎರಡು-ಮೂರು ದಿನ ಕಾಯಬೇಕು. ನಿಮ್ಮ ಪಶು ಆಸ್ಪತ್ರೆಯ ಡಾಕ್ಟರ ಮೂಲಕ ಕಳಿಸಿ. ಸೋಮವಾರಪೇಟೆ, ಶನಿವಾರಸಂತೆ, ಕುಶಾಲನಗರ ಕಡೆಯವರಿಗೆ ಹಾಸನದ ಪಶುವೈದ್ಯಕೀಯ ಕಾಲೇಜು ಅನುಕೂಲ. ವಿರಾಜಪೇಟೆ, ಪೊನ್ನಂಪೇಟೆ ಕಡೆಯವರಿಗೆ ದಾರಿ ದೂರ, ಅದಕ್ಕೇ ಮಾದರಿ ಹೋಗುವ ದಿನವನ್ನು ಆಸ್ಪತ್ರೆಯಲ್ಲಿ ಮೊದಲೇ ಕೇಳಿಟ್ಟುಕೊಳ್ಳಿ.

ಮಾದರಿ ಹಿಡಿಯುವುದರಲ್ಲಿ ಎಡವಿದರೆ ಎಲ್ಲ ವ್ಯರ್ಥ. ಮೊಲೆಯ ತುದಿಯನ್ನು ಸ್ಪಿರಿಟ್ ಹತ್ತಿಯಿಂದ ಒರೆಸಬೇಕು, ಹತ್ತಿ ಬೆಳ್ಳಗೆ ಬರುವವರೆಗೆ. ಒರೆಸುವಾಗ ದೂರದ ಮೊಲೆ ಮೊದಲು, ಹಾಲು ಹಿಡಿಯುವಾಗ ಹತ್ತಿರದ್ದು ಮೊದಲು. ಹಾಗೆ ಮಾಡಿದರೆ ಒರೆಸಿದ ತುದಿಗೆ ತೋಳು ತಾಗುವುದಿಲ್ಲ. ಮೊದಲ ಧಾರೆ ಬಿಟ್ಟು, ಸೀಸೆಯನ್ನು ಓರೆಯಾಗಿ ಹಿಡಿದು, ಮುಚ್ಚಳದ ಒಳಭಾಗ ಮುಟ್ಟದೆ ತುಂಬಿಸಿ. ಮಂಜುಗಡ್ಡೆಯ ಜೊತೆ 24 ಗಂಟೆಯೊಳಗೆ ತಲುಪಿಸಿ. ಸಗಣಿಯ ಒಂದು ಕಣ ಬಿದ್ದರೂ ಪ್ರಯೋಗಾಲಯಕ್ಕೆ ಕಾಣುವುದು ಸಗಣಿಯ ರೋಗಾಣು.

ಲೋಳೆ ಕಟ್ಟಿತು. ಮುಂದೆ?

1 ಬಂದಿದ್ದರೆ, ಹಸು ಲವಲವಿಕೆಯಿಂದ ಇದ್ದರೆ, ಒಂದು-ಎರಡು ವಾರ ಕಾದು ಮತ್ತೆ ನೋಡಿ. ಎಷ್ಟೋ ಸಣ್ಣ ಸೋಂಕನ್ನು ಹಸುವೇ ಗೆಲ್ಲುತ್ತದೆ. ಕಾಯುವಾಗ ಆ ಹಸುವನ್ನು ಕೊನೆಗೆ ಕರೆಯಿರಿ, ಆ ಮೊಲೆಯನ್ನು ಪೂರ್ತಿ ಖಾಲಿ ಮಾಡಿ.

ಈಗಲೇ ಆಂಟಿಬಯಾಟಿಕ್ ಹಾಕುವುದೋ, ಬತ್ತಿಸುವವರೆಗೆ ಕಾಯುವುದೋ ಅನ್ನುವುದು ರೋಗಾಣುವಿನ ಮೇಲೆ ನಿಂತಿದೆ. ಸ್ಟ್ರೆಪ್ಟೊಕಾಕಸ್ ಅಗಲಾಕ್ಟಿಯೆ ಆಗಿದ್ದರೆ ಕರೆಯುವ ಹಸುವಿಗೇ ಚಿಕಿತ್ಸೆ ಕೊಡಬಹುದು, ಪೆನಿಸಿಲಿನ್ ಜಾತಿಗೆ ಅದು ಚೆನ್ನಾಗಿ ಬಗ್ಗುತ್ತದೆ. ಸ್ಟ್ಯಾಫಿಲೊಕಾಕಸ್ ಆರಿಯಸ್ ಕೆಚ್ಚಲಿನ ಒಳಗೆ ಗಂಟು ಕಟ್ಟಿಕೊಂಡು ಕೂರುತ್ತದೆ, ಔಷಧಿ ಅಲ್ಲಿಗೆ ತಲುಪುವುದಿಲ್ಲ. ಅದಕ್ಕೆ ಹಾಲು ಬತ್ತಿಸುವ ದಿನ, ಕೊನೆಯ ಕರೆಯುವಿಕೆ ಮುಗಿದ ಮೇಲೆ, ಬತ್ತಿದ ಹಸುವಿಗೆಂದೇ ಇರುವ ಟ್ಯೂಬು ನಾಲ್ಕೂ ಮೊಲೆಗೆ ಹಾಕಿಸುವುದು ಹೆಚ್ಚು ಫಲ ಕೊಡುತ್ತದೆ. ಕರು ಹಾಕಲು ಎರಡು ತಿಂಗಳಿರುವಾಗ ಬತ್ತಿಸುತ್ತೇವಲ್ಲ, ಆಗ ಔಷಧಿ ವಾರಗಟ್ಟಲೆ ಒಳಗೇ ನಿಂತು ಕೆಲಸ ಮಾಡುತ್ತದೆ, ಆ ದಿನಗಳಲ್ಲಿ ಚೆಲ್ಲಬೇಕಾದ ಹಾಲೂ ಇರುವುದಿಲ್ಲ. ತುಂಗೆಗೆ ನಾನು ಮಾಡಿದ್ದು ಇದು. ಕರು ಹಾಕಿ ಹತ್ತನೇ ದಿನ ನಾಲ್ಕು ಬಟ್ಟಲಲ್ಲೂ ಹಾಲು ನೀರಿನಂತೆ ಓಡಿತು.

ಕರೆಯುವ ಹಸುವಿಗೆ ಔಷಧಿ ಹಾಕಿದರೆ ಒಂದು ಮೊಲೆಗೆ ಹಾಕಿದ್ದರೂ ನಾಲ್ಕೂ ಮೊಲೆಯ ಹಾಲನ್ನು ಸೊಸೈಟಿಗೆ ಹಾಕುವಂತಿಲ್ಲ. ಲೇಬಲ್ಲಿನ ಮೇಲೆ ಎಷ್ಟು ದಿನ ಎಂದು ಇರುತ್ತದೆ, ಬರೆದಿಲ್ಲದಿದ್ದರೆ ಕಾನೂನಿನ ಪ್ರಕಾರ ಕನಿಷ್ಠ 7 ದಿನ. ಕರುವಿಗೂ ಕುಡಿಸಬೇಡಿ. ಆ ಹಾಲು ಯಾರದೋ ಮನೆಯ ಮಗುವಿನ ಲೋಟಕ್ಕೆ ಹೋಗುತ್ತದೆ. ಈ ಒಂದು ವಿಷಯದಲ್ಲಿ ನೆರೆಯವರ ಜೊತೆ ಜಗಳವಾದರೂ ಸರಿ, ನಾನು ಮಾತು ಬಿಡುವುದಿಲ್ಲ.

ಲೋಳೆಸರದ ಮದ್ದಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ಲೋಳೆಸರ 250 ಗ್ರಾಂ, ಅರಿಶಿನ 50 ಗ್ರಾಂ, ಸುಣ್ಣ 15 ಗ್ರಾಂ ಅರೆದು, ನೀರು ಬೆರೆಸಿ, ದಿನಕ್ಕೆ ಹತ್ತು ಸಲ ಕೆಚ್ಚಲಿಗೆ ಹಚ್ಚುವುದು, ಕನಿಷ್ಠ ಐದು ದಿನ. ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯೇ ಇದನ್ನು ಹಳ್ಳಿಗಳಿಗೆ ಹೇಳಿಕೊಟ್ಟಿದೆ. ಹಾಲು ಚೆಲ್ಲುವ ಕಷ್ಟ ಇಲ್ಲ, ಊತ ಇಳಿಯುವುದನ್ನು ನಾನೂ ಕಂಡಿದ್ದೇನೆ. 1 ಬಂದ ಮೊಲೆಗೆ ಕಾಯುವ ದಿನಗಳಲ್ಲಿ ಹಚ್ಚುತ್ತೇನೆ. ದಿನಕ್ಕೆ ಹತ್ತು ಸಲ ಅಂದರೆ ಹತ್ತು ಸಲವೇ, ಬೆಳಿಗ್ಗೆ-ಸಂಜೆ ಎರಡು ಸಲ ಸವರಿ ಫಲ ಇಲ್ಲ ಅನ್ನಬಾರದು. ಪ್ರತಿ ಸಲ ಹಿಂದಿನದನ್ನು ತೊಳೆದು, ಹಾಲು ಖಾಲಿ ಮಾಡಿ ಹಚ್ಚಬೇಕು. ಹಸುವಿಗೆ ಜ್ವರ ಬಂದರೆ, ಮೇವು ಬಿಟ್ಟರೆ ಲೋಳೆಸರ ಅರೆಯುತ್ತಾ ಕೂರದೆ ಡಾಕ್ಟರನ್ನು ಕರೆಯಿರಿ, 1962ಕ್ಕೆ ಫೋನ್ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನವೂ ಇದೆ.

ಮತ್ತೆ ಮತ್ತೆ 3 ತೋರಿಸುವ, ಎರಡು ಸಲ ಚಿಕಿತ್ಸೆ ಸೋತ ಹಸು ಪಕ್ಕದ ಹಸುಗಳಿಗೆ ಅಪಾಯ. ಗೌರಿಯ ಆ ಒಂದು ಮೊಲೆಯನ್ನು ಡಾಕ್ಟರು ಶಾಶ್ವತವಾಗಿ ಬತ್ತಿಸಿದರು. ಈಗ ಮೂರು ಮೊಲೆಯಲ್ಲಿ ಕೊಡುತ್ತಾಳೆ.

ಕೊಟ್ಟಿಗೆಯ ಹಾಸು, ಕರೆಯುವ ಕೈ

ನಮ್ಮ ಹಿರಿಯರು ಗೊಬ್ಬರಕ್ಕೆಂದು ಕೊಟ್ಟಿಗೆಗೆ ಸೊಪ್ಪು ಹಾಸಿದರು. ಕಾಫಿಗೆ ಅದರಷ್ಟು ಒಳ್ಳೆಯ ಗೊಬ್ಬರ ಇಲ್ಲ, ಒಪ್ಪುತ್ತೇನೆ. ಆದರೆ ಮಳೆಗಾಲದಲ್ಲಿ ಗಂಜಲ, ಸಗಣಿ ಸೇರಿದ ಒದ್ದೆ ಸೊಪ್ಪಿನ ಮೇಲೆ ಮಿಶ್ರತಳಿಯ ದೊಡ್ಡ ಕೆಚ್ಚಲು ರಾತ್ರಿಯಿಡೀ ಒತ್ತಿಕೊಂಡಿರುತ್ತದೆ. ಸೊಪ್ಪನ್ನು ಗುಂಡಿಗೆ ಹಾಕಿ, ಹಸು ಮಲಗುವ ಜಾಗಕ್ಕೆ ರಬ್ಬರ್ ಮ್ಯಾಟು ಅಥವಾ ಒಣ ಭತ್ತದ ಉಮಿ. ಮರದ ಮಿಲ್ಲಿನಿಂದ ತಂದ ಹಸಿ ಗರಗಸದ ಪುಡಿ ಬೇಡ, ಅದರಲ್ಲಿ ಕ್ಲೆಬ್ಸಿಯೆಲ್ಲಾ ಎಂಬ ಕೆಟ್ಟ ರೋಗಾಣು ಬೆಳೆಯುತ್ತದೆ.

ಕರೆದ ಮೇಲೆ ಮೊಲೆಯ ತೂತು ಮುಚ್ಚಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಆ ಹೊತ್ತು ಹಸು ನಿಂತೇ ಇರಲಿ ಎಂದು ಮೇವನ್ನು ಕರೆದ ನಂತರ ಹಾಕುತ್ತೇವೆ. ಪೊವಿಡೋನ್ ಅಯೋಡಿನ್ ಮೂರು ಪಾಲು, ಗ್ಲಿಸರಿನ್ ಒಂದು ಪಾಲು ಬೆರೆಸಿ ಮೊಲೆ ಅದ್ದುವುದು ಎರಡು ನಿಮಿಷದ ಕೆಲಸ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕಾಫಿ ಕುಯ್ಲಿನ ಗಡಿಬಿಡಿಯಲ್ಲಿ ಕರೆಯುವ ಕೆಲಸ ಬೇರೆಯವರ ಕೈಗೆ ಹೋಗುತ್ತದೆ. ಹೆಬ್ಬೆರಳು ಮಡಚಿ ಹಿಂಡುವವರಾದರೆ ಮೊಲೆಯ ಒಳಗೆ ಗಾಯವಾಗುತ್ತದೆ. ಇಡೀ ಮುಷ್ಟಿಯಲ್ಲಿ ಹಿಡಿದು ಕರೆಯುವುದನ್ನು ಮೊದಲ ದಿನವೇ ತೋರಿಸಿಕೊಡಿ.

ನಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ತಿಂಗಳಿಗೊಂದು ಭಾನುವಾರಕ್ಕೆ ಸುತ್ತು ಹಾಕಿದೆ. ಬತ್ತಿಸುವ ಎರಡು ವಾರ ಮೊದಲು, ಕರು ಹಾಕಿದ ಒಂದು ವಾರದ ನಂತರ ಒಂದೊಂದು ಹೆಚ್ಚಿನ ಪರೀಕ್ಷೆ. ಇನ್ನೊಂದನ್ನು ಈ ವರ್ಷ ಸೇರಿಸಿಕೊಂಡಿದ್ದೇವೆ. ಪುತ್ತರಿ ಹಬ್ಬ ಕಳೆದ ಮೇಲೆ ಕೊಣನೂರಿನ ಕಡೆ ಒಂದು ಹಸು ನೋಡಲು ಹೋದಾಗ ಹಲಗೆ, ಬಾಟಲಿ ಚೀಲದಲ್ಲಿತ್ತು. ಮಾರುವವರು ಮೊದಲು ಮುಖ ಸಪ್ಪೆ ಮಾಡಿದರು, ಆಮೇಲೆ ಅವರೇ ಕೆಚ್ಚಲು ತೊಳೆದುಕೊಟ್ಟರು. ನಾಲ್ಕೂ ಬಟ್ಟಲು ನೋಡಿದ ಮೇಲೆಯೇ ಮುಂಗಡ ಕೊಟ್ಟು ಬಂದೆವು.